ಸಿಂಹ ಹಿಂದಿರುಗಿ ನೋಡಿದ್ದು

ಲುಂಗ್‌ಹೋಯ್ ಹಳ್ಳಿ, ಶುನ್‌ತಾಕ್
1979ರ ಸೆಪ್ಟೆಂಬರ್ 9

ಸಾಮ್‌ಟಿನ್,

ಹದಿನೇಳು ವರ್ಷದ ಮೇಲೆ ಕಾಗದ ಬರೆಯುವವನು ಮೊದಲ ಸಾಲಿನಲ್ಲಿ ಏನು ಬರೆಯಬೇಕು? ಬೈಗುಳದಿಂದಲೇ ಶುರು ಮಾಡೋಣವೆಂದಿದ್ದೆ. ನನ್ನ ಹೆಂಡತಿ ಬಿಡಲಿಲ್ಲ. "ಮೊದ್ಲು ಆರೋಗ್ಯ ವಿಚಾರ್ಸಿ, ಬೈಗುಳ ಎರಡನೇ ಪುಟಕ್ಕಿರಲಿ" ಎಂದಳು. ಆದ್ದರಿಂದ ಕೇಳುತ್ತಿದ್ದೇನೆ, ಆರೋಗ್ಯವೇ?

ಏಪ್ರಿಲ್‌ನಲ್ಲಿ ಹಿರಿಯರ ಗೋರಿ ಗುಡಿಸುವ ಹಬ್ಬಕ್ಕೆ ಹಾಂಗ್‌ಕಾಂಗಿನಿಂದ ಬಂದಿದ್ದ ಹಜಾಮರ ಮನೆಯವನು ನಿನ್ನ ವಿಳಾಸ ಕೊಟ್ಟ. ನೀನು ಅಲ್ಲಿ ಬಿದಿರು ಕಟ್ಟುವ ಮೇಸ್ತ್ರಿಯಂತೆ, ಮೋಡಕ್ಕೆ ತಾಗುವ ಮನೆಗಳಿಗೆ ಸಾರುವೆ ಕಟ್ಟುತ್ತೀಯಂತೆ. ಸಂತೋಷ. ನಿನ್ನ ಅಮ್ಮನ ಗೋರಿಯ ಹುಲ್ಲು ಈ ವರ್ಷವೂ ಕಿತ್ತಿದ್ದೇನೆ. ಅದರ ಬಗ್ಗೆ ಇಷ್ಟು ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯಲ್ಲಿ ಬರುವ ಹೊಸ ವರ್ಷದ ಹಬ್ಬಕ್ಕೆ ಸಿಂಹ ಕುಣಿಸಬಹುದು ಎಂದು ಕಮ್ಯೂನಿನ ಕಚೇರಿಯವರು ಹೇಳಿದ್ದಾರೆ. ಅರವತ್ತಾರರಲ್ಲಿ 'ಹಳೆಯ ಕೊಳೆ' ಎಂದು ನಮ್ಮ ಸಿಂಹದ ತಲೆಯನ್ನು ಅಂಗಳದಲ್ಲಿ ಸುಡಿಸಿದವರೇ ಈಗ ಅದನ್ನು 'ಜನರ ಕಲೆ' ಎನ್ನುತ್ತಿದ್ದಾರೆ. ತಲೆ ಬೂದಿಯಾಯಿತು. ಬೆನ್ನಿನ ಬಟ್ಟೆಯನ್ನು ಮಾತ್ರ ನನ್ನವಳು ರಜಾಯಿಯೊಳಗೆ ಹೊಲಿದು ಉಳಿಸಿದಳು. ಇಷ್ಟು ವರ್ಷ ಗಂಡ ಹೆಂಡತಿ ಸಿಂಹ ಹೊದ್ದುಕೊಂಡು ಮಲಗಿದ್ದೇವೆ. ತಲೆ ಹೋಗುವುದು, ಬಾಲ ಉಳಿಯುವುದು ನಮ್ಮೂರಿನ ಪದ್ಧತಿ ಎಂದು ಕಾಣುತ್ತದೆ.

ಕಾಲುವೆಯ ಆಚೆ ದಡದವರು ಕಳೆದ ಹಬ್ಬಕ್ಕೇ ಕುಣಿಸಿಬಿಟ್ಟರು. ಈ ಸಲವೂ ನಮ್ಮ ಸಿಂಹ ಹೊರಡದಿದ್ದರೆ, ಸಿಂಹ ಹಾರಿ ತಿಂದರೆ ಶುಭವೆಂದು ನಮ್ಮ ಕುಲಮಂದಿರದ ಬಾಗಿಲ ಮೇಲೆ ಎತ್ತರದಲ್ಲಿ ಕಟ್ಟುವ ಸೊಪ್ಪನ್ನು ಅವರ ಸಿಂಹವೇ ಬಂದು ತಿಂದು ಹೋಗುತ್ತದಂತೆ. "ಪಾಪ, ನಿಮ್ಮ ಬಾಗ್ಲು ಒಣಗೋದು ಬೇಡ" ಎಂದು ಸಂತೆಯಲ್ಲಿ ನನ್ನ ಮುಖದ ಮೇಲೇ ಹೇಳಿದರು. ಅನ್ನ ಸೇರುತ್ತಿಲ್ಲ ಮಾರಾಯ.

ಹದಿನೈದು ವರ್ಷ ನೀನು ಮುಂದೆ ತಲೆ ಹೊತ್ತು ಕುಣಿದೆ. ನಾನು ಹಿಂದೆ ಬಟ್ಟೆಯೊಳಗೆ ಬಗ್ಗಿ, ನಿನ್ನ ಸೊಂಟದ ಪಟ್ಟಿ ಹಿಡಿದು ಬಾಲವಾದೆ. ಜನ ನೋಡಿದ್ದು ನಿನ್ನನ್ನು. ನಾನು ನೋಡಿದ್ದು ನಿನ್ನ ಹಿಮ್ಮಡಿಯನ್ನು. ಹೊಸ ತಲೆಯನ್ನು ಬಿದಿರು, ಕಾಗದದಲ್ಲಿ ನಾನೇ ಕಟ್ಟಬಲ್ಲೆ. ಅದನ್ನು ಆಡಿಸುವವರು ಊರಿನಲ್ಲಿ ಯಾರೂ ಉಳಿದಿಲ್ಲ. ನೀನು ಬಾ. ಈಗ ಗಡಿ ದಾಟಿ ಓಡಿಹೋದವರನ್ನು ಯಾರೂ ಹಿಡಿಯುತ್ತಿಲ್ಲ. ಹಜಾಮರವನಿಗೆ ಕಮ್ಯೂನಿನವರೇ ಚಹಾ ಕೊಟ್ಟರು.

ಎರಡನೇ ಪುಟ ಬಂದಿತು, ಬೈಯಲು ಜಾಗವಿಲ್ಲ. ಬಂದಾಗ ಬೈಯುತ್ತೇನೆ.

ಮಾಕ್ ಯುನ್‌ಬೋ


ಕೌಲೂನ್, ಹಾಂಗ್‌ಕಾಂಗ್
1979ರ ಸೆಪ್ಟೆಂಬರ್ 30

ಪ್ರಿಯ ಯುನ್‌ಬೋ,

ನಿನ್ನ ಅಕ್ಷರ ಇನ್ನೂ ಏಡಿ ನಡೆದ ಹಾಗೇ ಇದೆ. ಕಾಗದ ನೋಡಿ ಚಹಾದಂಗಡಿಯಲ್ಲಿ ನಕ್ಕೆ, ಆಮೇಲೆ ಅತ್ತೆ. ಅಂಗಡಿಯವನು ಊರಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದ. ಇಲ್ಲ, ಬದುಕಿದ್ದಾರೆ ಎಂದೆ.

ಅಮ್ಮನ ಗೋರಿಯ ವಿಷಯ ಇಷ್ಟು ಸಾಕು ಎಂದಿದ್ದೀಯ. ನನಗೆ ಸಾಲದು, ಆದರೆ ಕಾಗದದಲ್ಲಿ ಏನು ಬರೆಯಲಿ.

ಬರುವುದು ಕಷ್ಟ. ಇಲ್ಲಿ ಕೆಲಸ ಕೊರಳ ತನಕ ಇದೆ. ಹಬ್ಬದ ಹೊತ್ತಿಗೆ ಗುತ್ತಿಗೆದಾರ ರಜ ಕೊಡುವುದಿಲ್ಲ. ಗಡಿಯಲ್ಲಿ ಏನು ಕೇಳುತ್ತಾರೋ ಎಂಬ ಅಳುಕೂ ಇದೆ. ಬೇರೆ ಯಾರನ್ನಾದರೂ ಹುಡುಕು. ಕೈಚಳಕವನ್ನು ನಾನು ಕಾಗದದಲ್ಲಿ ಕಲಿಸುತ್ತೇನೆ. ಕಾಲಿನ ಹೆಜ್ಜೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ನೋಡಿದ್ದೇ ಅದನ್ನು.

ಮೊದಲ ಪಾಠ. ಎಡಗೈ ಒಳಗಿನ ಅಡ್ಡಬಿದಿರಿಗೆ. ಬಲಗೈ ಹೆಬ್ಬೆರಳಿಗೆ ಕಣ್ಣಿನ ದಾರ. ಬಾಯಿ ಆಡಿಸುವುದು ಮೊಣಕೈಯಿಂದ. ಸೊಪ್ಪು ಕಂಡ ಕೂಡಲೇ ಸಿಂಹ ಹಾರಿ ತಿನ್ನುವುದಿಲ್ಲ. ಆಸೆಪಡಬೇಕು, ಅನುಮಾನಪಡಬೇಕು, ನಾಚಬೇಕು, ಹಿಂದೆ ಸರಿಯಬೇಕು. ಮೊದಲ ಸಲ ಅತ್ತೆಮನೆಗೆ ಹೋದ ಅಳಿಯನ ಹಾಗೆ.

ಅಂಚೆಯಲ್ಲಿ ಕಣ್ಣಿಗೆ ಹಾಕುವ ಸ್ಪ್ರಿಂಗು, ಕನ್ನಡಿ ಬಿಲ್ಲೆ, ಗಡ್ಡಕ್ಕೆ ಬಿಳಿ ಉಣ್ಣೆ ಕಳಿಸಿದ್ದೇನೆ. ಅತ್ತಿಗೆಗೆ ಸೂಜಿ ಡಬ್ಬಿ.

ಹೋ ಸಾಮ್‌ಟಿನ್


ಲುಂಗ್‌ಹೋಯ್
1979ರ ಅಕ್ಟೋಬರ್ 25

ಸಾಮ್‌ಟಿನ್,

ತಲೆ ಸಿಕ್ಕಿದೆ. ಕೇಳಿದರೆ ನೀನು ಸಾರುವೆಯಿಂದ ಬೀಳುತ್ತೀಯ, ಗಟ್ಟಿಯಾಗಿ ಹಿಡಿದುಕೊ. ನನ್ನ ಮಗಳು ಯೊಕ್‌ಚಿಂಗ್.

ನೀನು ಕಂಡಾಗ ನಾಲ್ಕು ವರ್ಷದವಳು, ಮೂಗು ಸೋರಿಸಿಕೊಂಡು ನಮ್ಮ ನಗಾರಿಯ ಕೆಳಗೆ ಮಲಗುತ್ತಿದ್ದಳು. ಸರಕಾರದ 'ಮಹಾ ಜಿಗಿತ'ದ ವರ್ಷ ಹುಟ್ಟಿದಳೆಂದು ಜಿಗಿತದ ಹೆಸರನ್ನೇ ಇಟ್ಟಿದ್ದೆ. ಈಗ ರೇಷ್ಮೆ ತೆಗೆಯುವ ಕಾರ್ಖಾನೆಯಲ್ಲಿ ಕೆಲಸ. ಬೆರಳು ಬಿಸಿನೀರಿನಲ್ಲಿ ಬೆಂದೂ ಬೆಂದೂ ಚುರುಕಾಗಿವೆ. ಕಣ್ಣಿನ ದಾರವನ್ನು ಮೊದಲ ದಿನವೇ ಎಳೆದು, ಇನ್ನೂ ಅರ್ಧ ಕಟ್ಟಿದ್ದ ಸಿಂಹದಿಂದ ನನಗೆ ಕಣ್ಣು ಹೊಡೆಸಿದಳು.

ನಾನೇನು ಅವಳನ್ನು ಕರೆಯಲಿಲ್ಲ. ಕರೆದ ಗಂಡುಮಕ್ಕಳೆಲ್ಲ ಬಂದರು, ನಿನ್ನ ಪಾಠ ಓದಿ ಹೇಳಿದೆ. ನಾಚಬೇಕು ಎಂಬಲ್ಲಿಗೆ ಬಂದಾಗ ಅವರೇ ನಾಚಿಕೊಂಡು ಓಡಿಹೋದರು. ಇವಳು ಅಕ್ಕಿ ತೊಳೆಯುವ ಬುಟ್ಟಿಯನ್ನು ತಲೆಗೆ ಕವುಚಿಕೊಂಡು ಅಂಗಳದಲ್ಲಿ ನಾಚಿ ತೋರಿಸಿದಳು. ಬಾತುಕೋಳಿಗಳು ಹೆದರಿ ಕೊಳಕ್ಕೆ ಹಾರಿದವು. ಮೊದಲು ಎಡವಿ ಬಿದ್ದು "ಅಂಗಳ ಸರಿ ಇಲ್ಲ" ಎಂದಳು. ಅವಳಮ್ಮ ಒಳಗಿಂದಲೇ "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು. ಆ ಮಾತು ನಾಟಿತು ನೋಡು, ಮತ್ತೆ ಬೀಳಲಿಲ್ಲ.

ಊರಿನ ಹಿರಿಯ ಯುಂಗ್ ತಾತನಿಗೆ ಸುದ್ದಿ ಹೋಯಿತು. ಕೋಲು ಕುಟ್ಟಿಕೊಂಡು ಬಂದ. ಅವನು ಕುಂಚ ಹಿಡಿದು ಕಣ್ಣಿಗೆ ಕೆಂಪು ಬೊಟ್ಟಿಡದೆ ಹೊಸ ಸಿಂಹಕ್ಕೆ ಜೀವ ಬರುವುದಿಲ್ಲ, ನಿನಗೆ ಗೊತ್ತಲ್ಲ.

"ಹೆಂಗಸು ಸಿಂಹದ ತಲೆ ಹೊತ್ರೆ ಕೊಳದ ಮೀನು ಸಾಯ್ತವೆ. ನಾನು ಬೊಟ್ಟಿಡಲ್ಲ" ಎಂದ.

ಇವಳು ಬುಟ್ಟಿಯೊಳಗಿಂದಲೇ ಉತ್ತರ ಕೊಟ್ಟಳು: "ತಾತ, ಅರ್ಧ ಆಕಾಶ ಹೊತ್ತಿರೋದು ಹೆಂಗಸ್ರು ಅಂತ ಮಂದಿರದ ಗೋಡೆ ಮೇಲೆ ಬರೆಸ್ದೋರು ನೀವೇ ಅಲ್ವಾ? ಆಕಾಶ ಹೊರೋರಿಗೆ ಒಂದು ಕಾಗದದ ತಲೆ ಭಾರಾನಾ?"

ತಾತ ಎದುರಿನ ಮಂದಿರದ ಗೋಡೆ ನೋಡಿದ. ಸುಣ್ಣ ಹೊಡೆದರೂ ಅಕ್ಷರ ಇಣುಕುತ್ತಿವೆ. "ಮೀನು ಸಾಯ್ಲಿ, ಆಮೇಲೆ ಮಾತಾಡ್ತೀನಿ" ಎಂದು ಹೋಗಿ ಕೊಳದ ದಂಡೆಯಲ್ಲಿ ಕುರ್ಚಿ ಹಾಕಿ ಕುಳಿತಿದ್ದಾನೆ. ದಿನಾ ಮೀನು ನೋಡುವುದೇ ಕೆಲಸ.

ಬಾಲಕ್ಕೆ ನಾನೇ. ನಡು ಸ್ವಲ್ಪ ಹಿಡಿದಂತಿದೆ, ಪರವಾಗಿಲ್ಲ.

ಒಂದು ಮಾತು ಕೇಳಬೇಕು. ಕೇಳಲು ಅವಮಾನ, ಆದರೂ ಕಲಿಸಬೇಕಾದ್ದರಿಂದ ಕೇಳುತ್ತೇನೆ. ನಗಾರಿ ಮೂರು ಸಲ ಮೆಲ್ಲಗೆ ಬಡಿದು ನಿಲ್ಲುತ್ತಿತ್ತಲ್ಲ, ಸೊಪ್ಪಿಗೆ ಹಾರುವ ಮುಂಚೆ? ಅಲ್ಲಿ ಪ್ರತಿ ವರ್ಷವೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಕತ್ತಲಲ್ಲಿ ಬಗ್ಗಿಕೊಂಡು, ಏನಿರಬಹುದು ಎಂದುಕೊಳ್ಳುತ್ತಿದ್ದೆ. ನಿನ್ನ ಕಾಲು ಅಲುಗುತ್ತಲೂ ಇರಲಿಲ್ಲ. ಯಾಕೆ ನಗುತ್ತಿದ್ದರು?

ಯುನ್‌ಬೋ


ಕೌಲೂನ್
1979ರ ನವೆಂಬರ್ 12

ಯುನ್‌ಬೋ,

ಯೊಕ್‌ಚಿಂಗ್‌ಗೆ ನನ್ನ ಸಲಾಮು. ಬುಟ್ಟಿಯಿಂದ ಮಾತಾಡಿದ ಸಿಂಹವನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಅವಳಿಗೆ ಹೇಳು, ಸೊಪ್ಪಿಗಾಗಿ ಬಾಲದವನ ತೊಡೆಯ ಮೇಲೇರುವ ಮುಂಚೆ ಹಿಮ್ಮಡಿ ಎರಡು ಸಲ ನೆಲಕ್ಕೆ ತಟ್ಟಬೇಕು, ಬಾಲಕ್ಕೆ ಸುಳಿವು ಕೊಡದೆ ಹಾರಬಾರದು. ಕಿವಿ ಅಲುಗಿಸಲು ಮಣಿಕಟ್ಟು ಸಾಕು, ಭುಜ ಬೇಡ.

ಇನ್ನು ನಿನ್ನ ಪ್ರಶ್ನೆ. ಹದಿನೈದು ವರ್ಷ ಪಕ್ಕದಲ್ಲೇ ಇದ್ದೂ ನೀನು ಕೇಳಲಿಲ್ಲ ಎಂದರೆ ನೀನೆಂಥ ಹಟಮಾರಿ! ಗೊತ್ತಿದೆ ಎಂದೇ ನಾನು ತಿಳಿದಿದ್ದೆ.

ಆ ಮೂರು ಪೆಟ್ಟಿಗೆ ಸಿಂಹ ಸೊಪ್ಪನ್ನು ಬಿಟ್ಟು ನಿಧಾನವಾಗಿ ಹಿಂದಿರುಗಿ ತನ್ನ ಬಾಲವನ್ನು ನೋಡುತ್ತಿತ್ತು. ಒಂದು ಸಲ ಕಣ್ಣು ಪಿಳುಕಿಸುತ್ತಿತ್ತು, 'ಇದ್ಯಾವುದಪ್ಪ ನನ್ನ ಹಿಂದೆ ಬರ್ತಿರೋದು' ಎಂಬಂತೆ. ಆಮೇಲೆ 'ಓ, ನಮ್ಮದೇ' ಎಂದು ತಲೆ ಆಡಿಸುತ್ತಿತ್ತು. ಅಷ್ಟಕ್ಕೇ ನಗು. ನಿನ್ನ ಬೆನ್ನು ಆಗ ಏನೂ ಅರಿಯದೆ ಗೂಳಿಯ ಹಾಗೆ ನಿಂತಿರುತ್ತಿತ್ತು ನೋಡು, ಅದರಿಂದ ಇನ್ನೂ ನಗು.

ಸಾಮ್‌ಟಿನ್


ಲುಂಗ್‌ಹೋಯ್
1979ರ ನವೆಂಬರ್ 27

ಹೋ ಸಾಮ್‌ಟಿನ್ ಅವರಿಗೆ,

ಹಾಗಾದರೆ ಹದಿನೈದು ವರ್ಷ ಊರು ನಕ್ಕಿದ್ದು ನನ್ನನ್ನು ನೋಡಿ. ಹೆಂಡತಿಯನ್ನು ಕೇಳಿದೆ. "ನಿಮಗೆ ಗೊತ್ತಿಲ್ವಾ?" ಎಂದು ಅವಳೂ ನಕ್ಕಳು. ಯುಂಗ್ ತಾತ ಕೊಳದ ದಂಡೆಯಿಂದ ಬೀಳುವಷ್ಟು ನಕ್ಕ. ಇರಲಿ, ನಗಲಿ, ಅದಕ್ಕೆ ಸಿಟ್ಟಿಲ್ಲ.

ಸಿಟ್ಟು ಬೇರೆಯದಕ್ಕೆ. ಕಾಗದದ ಸಿಂಹದ ತಲೆ ಹೊತ್ತಾಗ ವರ್ಷ ವರ್ಷವೂ ತಿರುಗಿ ನೋಡಿದೆಯಲ್ಲ, ಅರವತ್ತೆರಡರ ಮೇ ತಿಂಗಳಲ್ಲಿ ಏನಾಗಿತ್ತು ನಿನಗೆ? ಬೆಳಗಿನ ದೋಣಿ ಹತ್ತಿದೆ. ನಾನು ಬಲೆ ಹಿಡಿದು ದಂಡೆಯ ಮೇಲೇ ನಿಂತಿದ್ದೆ. ಸಂತೆಗೆ ಹೊರಟಿದ್ದಾನೆ, ಸಂಜೆಗೆ ಬರುತ್ತಾನೆ ಎಂದುಕೊಂಡಿದ್ದೆ. ನೀನು ಒಂದು ಸಲವೂ ಹಿಂದಿರುಗಲಿಲ್ಲ. ಸುಳಿವು ಕೊಡದೆ ಹಾರಬಾರದು ಎಂದು ನನ್ನ ಮಗಳಿಗೆ ಪಾಠ ಹೇಳುತ್ತೀಯ.

ಆ ಮೂರು ಪೆಟ್ಟನ್ನು ಈ ಸಲದ ಕುಣಿತದಿಂದ ತೆಗೆದಿದ್ದೇನೆ.

ಮಾಕ್ ಯುನ್‌ಬೋ


ಲುಂಗ್‌ಹೋಯ್
1979ರ ಡಿಸೆಂಬರ್ 23

ಸಾಮ್‌ಟಿನ್ ದೊಡ್ಡಪ್ಪನವರಿಗೆ ಯೊಕ್‌ಚಿಂಗ್ ಮಾಡುವ ನಮಸ್ಕಾರಗಳು.

ನೀವು ಅಪ್ಪನಿಗೆ ಉತ್ತರ ಬರೆದಿಲ್ಲ. ಅಪ್ಪ ದಿನಾ ಅಂಚೆಯವನನ್ನು ಕಂಡ ಕೂಡಲೇ ಬೇರೆ ಕಡೆ ನೋಡುತ್ತಾರೆ, ಅವನು ದಾಟಿಹೋದ ಮೇಲೆ ಅವನ ಚೀಲವನ್ನೇ ನೋಡುತ್ತಾರೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತು, ಅಂಚೆಚೀಟಿ ಅವಳದೇ.

ಸಿಂಹದ ತಲೆ ಮುಗಿಯಿತು. ಚೆನ್ನಾಗಿದೆ, ಬಾಯಿ ಮಾತ್ರ ಸ್ವಲ್ಪ ಅಪ್ಪನ ಹಾಗೆ ಸೊಟ್ಟಗೆ ಬಂದಿದೆ. ನೀವು ಕಳಿಸಿದ ಕಣ್ಣುಗಳು ಗಾಳಿಗೂ ಅಲುಗುತ್ತವೆ. ಕೊಳದ ಮೀನು ಒಂದೂ ಸತ್ತಿಲ್ಲ. ಯುಂಗ್ ತಾತ ಈಚೆಗೆ ಅವಕ್ಕೆ ಹಿಪ್ಪುನೇರಳೆ ಎಲೆ ಹಾಕಿ ಮಾತಾಡಿಸುತ್ತಾರೆ. "ಇನ್ನೂ ಸಾಯ್ಲಿಲ್ವೇನ್ರೋ" ಎನ್ನುತ್ತಾರೆ.

ಅಪ್ಪನ ನಡು ಚೆನ್ನಾಗಿಲ್ಲ. ಬಗ್ಗಿದವರು ಏಳುವಾಗ ಗೋಡೆ ಹಿಡಿಯುತ್ತಾರೆ. ಬಿಟ್ಟುಬಿಡಿ ಎಂದರೆ "ಇನ್ನೊಂದು ಸಲ ಆ ಬಟ್ಟೆಯೊಳಗೆ ಹೋಗ್ದೆ ಇದ್ರೆ ನಾನು ಬದುಕಿದ್ದೇನು ಬಂತು" ಎಂದರು. ಅಪ್ಪ ಅಂಥ ಮಾತು ಆಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಹಿಂದಿರುಗಿ ನೋಡುವ ಆಟವನ್ನು ಅವರು ಕಲಿಸುವುದಿಲ್ಲ. ನಾನು ಒಬ್ಬಳೇ ಕಾರ್ಖಾನೆಯ ಹಿತ್ತಲಲ್ಲಿ ಮಾಡುತ್ತೇನೆ. ತಿರುಗುವುದು ಬರುತ್ತದೆ. ನೋಡುವುದು ಬರುವುದಿಲ್ಲ. ದೊಡ್ಡಪ್ಪ, ಅದು ಕಾಗದದಲ್ಲಿ ಕಲಿಸುವಂಥದಲ್ಲ ಎಂದು ನನಗೆ ಅನ್ನಿಸುತ್ತದೆ. ನೀವು ಬಂದುಬಿಡಿ.

ಯೊಕ್‌ಚಿಂಗ್


ಕೌಲೂನ್
1980ರ ಜನವರಿ 20

ಯುನ್‌ಬೋ,

ಬರುತ್ತಿದ್ದೇನೆ. ಊರಿಗೆ ಹೋಗುವ ಪರವಾನಗಿ ಕೈಗೆ ಬಂದಿದೆ. ಹಬ್ಬದ ಎರಡು ದಿನ ಮುಂಚೆ ಗಡಿಯ ಲೋವು ಸೇತುವೆ ದಾಟಿ, ಕ್ಯಾಂಟನ್‌ನಿಂದ ಬಸ್ಸು ಹಿಡಿದು, ದೋಣಿಗಳನ್ನೆಲ್ಲ ದಾಟಿ ಸಂಜೆಯೊಳಗೆ ಸೇರುತ್ತೇನೆ.

ನಿನ್ನ ಪ್ರಶ್ನೆಗೆ ಇಷ್ಟು ದಿನ ಉತ್ತರ ಬರೆದು ಬರೆದು ಹರಿದೆ. ನೀನು ದಂಡೆಯ ಮೇಲೆ ಇದ್ದದ್ದು ನನಗೆ ಗೊತ್ತಿತ್ತು. ನೋಡಿದ್ದರೆ ನಿನಗೆ ತಿಳಿದುಬಿಡುತ್ತಿತ್ತು. ತಿಳಿದಿದ್ದರೆ ನೀನು ಎಂದಿನಂತೆ ನನ್ನ ಸೊಂಟದ ಪಟ್ಟಿ ಹಿಡಿದು ಬಂದುಬಿಡುತ್ತಿದ್ದೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಇತ್ತು. ಗಡಿಯ ಆ ಕೊಲ್ಲಿಯನ್ನು ನನ್ನ ಹಾಗೆ ಈಜಿದವರೆಲ್ಲ ಹಾಂಗ್‌ಕಾಂಗಿನ ಈ ದಡ ಸೇರಲಿಲ್ಲ ಯುನ್‌ಬೋ. ಅದಕ್ಕೇ ಕತ್ತು ಬಿಗಿಹಿಡಿದು ಕುಳಿತೆ. ಆ ಕತ್ತು ಇವತ್ತಿಗೂ ನೋಯುತ್ತದೆ.

ನನ್ನ ಮಂಡಿ ಸ್ವಲ್ಪ ಸರಿಯಿಲ್ಲ. ಬಂದ ಮೇಲೆ ಹೇಳುತ್ತೇನೆ.

ಸಾಮ್‌ಟಿನ್


ಕೌಲೂನ್
1980ರ ಮಾರ್ಚ್ 2

ಪ್ರಿಯ ಯುನ್‌ಬೋ,

ಸುಖವಾಗಿ ತಲುಪಿದೆ. ನಿನ್ನ ನಡು ಈಗ ಹೇಗಿದೆ? ನಾನು ಹೊತ್ತು ತಂದ ಅಡುಗೆ ಎಣ್ಣೆ ಡಬ್ಬಗಳನ್ನು ಒಂದೇ ಸಲಕ್ಕೆ ಎತ್ತು ಎಂದು ನಿನಗೆ ಯಾರು ಹೇಳಿದರು? "ಹಾಂಗ್‌ಕಾಂಗಿನೋನು ಎತ್ಕೊಂಡು ಬಂದಿದ್ದು ನಂಗೇನು ಭಾರ" ಎಂದು ಜಂಬ ಕೊಚ್ಚಿ ಎತ್ತಿದೆ, ಅಲ್ಲೇ ಸೆಟೆದು ನಿಂತೆ. ಹಬ್ಬದ ಏಳನೆಯ ದಿನ ಮೆರವಣಿಗೆ, ಆರನೆಯ ದಿನ ಬಾಲ ಹಾಸಿಗೆಯ ಮೇಲೆ!

ನನ್ನನ್ನು ನೋಡಿ ನೀನು ನಕ್ಕದ್ದನ್ನೂ ಮರೆತಿಲ್ಲ. ಎಲ್ಲರೂ ಹಾಗೆಯೇ ಬರುತ್ತಾರೆ ಮಾರಾಯ. ಮೈಮೇಲಿನ ಬಟ್ಟೆಗೆ ಗಡಿಯಲ್ಲಿ ತೆರಿಗೆಯಿಲ್ಲ, ಆದ್ದರಿಂದ ಆರು ಪ್ಯಾಂಟು, ಐದು ಅಂಗಿ ಹಾಕಿಕೊಂಡು ಬಂದೆ. ನೀರಿನ ಹಂಡೆ ಉರುಳಿ ಬಂದ ಹಾಗಿತ್ತು ಎಂದು ಅತ್ತಿಗೆ ಹೇಳಿದಳು. ಒಂದೊಂದೇ ಪ್ಯಾಂಟು ಬಿಚ್ಚಿ ಹಂಚಿದ ಮೇಲೆ ನನ್ನ ಕುಂಟು ಕಾಲು ನಿನಗೆ ಕಂಡಿತು. ಹೇಗಾಯಿತೆಂದು ಈಗ ಹೇಳುತ್ತೇನೆ. ಮೂರು ವರ್ಷದ ಹಿಂದೆ ಸಾರುವೆಯಿಂದ ಬಿದ್ದೆ. ಈಗ ಕೆಳಗೆ ಕುಳಿತು ಬಿದಿರು ಆರಿಸಿಕೊಡುತ್ತೇನೆ. ತಲೆ ಹೊತ್ತು ಹಾರುವ ಕಾಲು ಇದಲ್ಲ. ಅದಕ್ಕೇ ಬರಲು ನಾಚಿದ್ದೆ.

ಹೊರಗೆ ಕುರ್ಚಿಯಲ್ಲಿ ಕುಳಿತು ನೋಡಿದವನು ನೀನು, ನಿನ್ನ ಬದಲು ಬಾಲವಾದವನು ನಾನು, ಒಳಗಿನದನ್ನು ಹೇಳುತ್ತೇನೆ. ಯುಂಗ್ ತಾತ ಕುಂಚ ಹಿಡಿದು ಬಂದು "ಮೀನುಗಳು ನನ್ನ ಮರ್ಯಾದೆ ತೆಗೆದ್ವು" ಎಂದು ಗೊಣಗುತ್ತಾ ಸಿಂಹದ ಕಣ್ಣಿಗೆ ಬೊಟ್ಟಿಟ್ಟಾಗ ನಾನು ಆಗಲೇ ಬಟ್ಟೆಯೊಳಗೆ ಬಗ್ಗಿದ್ದೆ. ನಿಮ್ಮ ರಜಾಯಿಯ ವಾಸನೆ! ಕರ್ಪೂರ, ಬೆವರು, ಹುರಿದ ಮೀನು. ಕತ್ತಲೆ. ಕಾಣುವುದು ನಿನ್ನ ಮಗಳ ಎರಡು ಹಿಮ್ಮಡಿ ಮಾತ್ರ. ಜನ ಎಲ್ಲಿದ್ದಾರೆ, ಸೊಪ್ಪು ಎಲ್ಲಿದೆ, ಒಂದೂ ತಿಳಿಯದು. ಹತ್ತು ಹೆಜ್ಜೆಗೆ ನನ್ನ ಬೆನ್ನು ಅಯ್ಯೋ ಎಂದಿತು. ಹದಿನೈದು ವರ್ಷ ನೀನು ಇಲ್ಲಿದ್ದೆಯಲ್ಲೋ, ಒಂದು ದಿನ ಬಾಯಿ ಬಿಟ್ಟು ಹೇಳಿದೆಯಾ?

ಆಮೇಲೆ ನಗಾರಿ ಮೂರು ಸಲ ಮೆಲ್ಲಗೆ ಬಡಿದು ನಿಂತಿತು. ನಾನು ಬೆಚ್ಚಿದೆ. ನೀನು ಅದನ್ನು ತೆಗೆದಿದ್ದೆ ಅಲ್ಲವೇ? ನಗಾರಿಯವನಿಗೆ ಯಾರು ಹೇಳಿದರೋ, ನೀನೋ, ಅವಳೋ, ಕೇಳುವುದಿಲ್ಲ. ಅವಳ ಕಾಲು ಅಲುಗಲಿಲ್ಲ. ಊರಿಗೆ ಊರೇ ನಕ್ಕಿತು. ನನ್ನ ಕಡೆ ನೋಡುತ್ತಿದ್ದಾಳೆ ಎಂದು ಗೊತ್ತಾಯಿತು, ಏನೂ ಕಾಣಲಿಲ್ಲ. ನಾನು ಆ ಕತ್ತಲಲ್ಲಿ ಸುಮ್ಮನೆ ಅತ್ತೆ ಯುನ್‌ಬೋ. ಸಂತೋಷಕ್ಕೇ ಅತ್ತೆ.

ಹಿಮ್ಮಡಿ ಎರಡು ಸಲ ತಟ್ಟಿತು. ಅವಳು ನನ್ನ ತೊಡೆಯ ಮೇಲೇರಿದಳು. ಮಂಡಿ ನಡುಗಿ ಹೋಯಿತು. ಬಿಟ್ಟೆ, ಇನ್ನು ಬಿಟ್ಟೆ ಎನ್ನುವಾಗ ನಿನ್ನ ದನಿ ಕೇಳಿತು. "ಸೊಂಟ ಇಳ್ಸೋ ಕತ್ತೆ! ಹಿಮ್ಮಡಿ ಊರು! ಉಸಿರು ಬಿಗಿಹಿಡೀಬೇಡ!" ಇಡೀ ಊರಿನ ಮುಂದೆ ಹಾಂಗ್‌ಕಾಂಗಿನ ಮೇಸ್ತ್ರಿಯನ್ನು ಕತ್ತೆ ಎಂದೆ. ಸೊಂಟ ಇಳಿಸಿದೆ. ಮಂಡಿ ನಿಂತಿತು. ಹರಿದ ಸೊಪ್ಪಿನ ಎಲೆಗಳು ಬಟ್ಟೆಯ ಸಂದಿಯಿಂದ ನನ್ನ ಕಾಲ ಮೇಲೂ ಬಿದ್ದವು. ಒಂದನ್ನು ತಿಂದೆ. ಕಾಲುವೆಯ ಆಚೆ ದಡದವರು ನಮ್ಮ ಬಾಗಿಲ ಸೊಪ್ಪಿಗೆ ಇನ್ನು ಆಸೆಪಡುವುದು ಬೇಡ.

ನಾನು ಊರಿಂದ ಹೊರಟ ದಿನ ದೋಣಿಯ ಕಟ್ಟೆಗೆ ನೀನು ಕೋಲೂರಿಕೊಂಡು ಬಂದೆ. ದೋಣಿ ಬಿಟ್ಟ ಮೇಲೆ ನಾನು ಹಿಂದಿರುಗಿ ನೋಡಿದೆ. ದೂರವಿತ್ತು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನಿನಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಸಲದ ಬಾಲ,
ಸಾಮ್‌ಟಿನ್


ಲುಂಗ್‌ಹೋಯ್
1980ರ ಮಾರ್ಚ್ 16

ಸಾಮ್‌ಟಿನ್,

ನಡು ಸರಿಹೋಗಿದೆ. ಎಣ್ಣೆ ಚೆನ್ನಾಗಿದೆ. ಯುಂಗ್ ತಾತ ಕೊಳದ ದಂಡೆಯ ಕುರ್ಚಿ ಬಿಟ್ಟು ಏಳುವುದಿಲ್ಲ, ಮೀನುಗಳ ಸ್ನೇಹವಾಗಿದೆಯಂತೆ. ಆಚೆ ದಡದ ಸಿಂಹದ ಯಜಮಾನ ಬಂದು, ಅವರ ಹುಡುಗಿಯರಿಗೂ ಯೊಕ್‌ಚಿಂಗ್ ನಾಚುವುದನ್ನು ಕಲಿಸುತ್ತಾಳಾ ಎಂದು ಕೇಳಿದ. ಬುಟ್ಟಿ ನಿಮ್ಮದೇ ತನ್ನಿ ಎಂದಳು.

ನೀನು ಹಿಂದಿರುಗಿ ನೋಡಿದ್ದು ಕಂಡಿತು. ಇದ್ದಬದ್ದ ಪ್ಯಾಂಟನ್ನೆಲ್ಲ ಹಂಚಿಬಿಟ್ಟು, ಮೊಣಕಾಲಿಗೇ ಮುಗಿಯುವ ನನ್ನ ತೇಪೆಯ ಪೈಜಾಮ ತೊಟ್ಟು ದೋಣಿಯಲ್ಲಿ ನಿಂತಿದ್ದೆ. ತಿರುಗಿದೆ. ಕಣ್ಣು ಪಿಳುಕಿಸಿದೆ. 'ಓ, ನಮ್ಮದೇ' ಎಂಬಂತೆ ತಲೆ ಆಡಿಸಿದೆ. ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಯಾಕೆ ನಗುತ್ತಿದ್ದಾರೆ ಎಂದು ಈ ಸಲ ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಯುನ್‌ಬೋ